ಮಟ್ಟಾಂಚೇರಿಯ ಪರದೇಶಿ ಸಿನಗಾಗ್: ಆಶ್ರಯ ಮತ್ತು ಅಂತರ

ಪಶ್ಚಿಮ ಕರಾವಳಿಯ ರೇವುಪಟ್ಟಣಗಳಿಗೂ ಯೆಹೂದ್ಯ ವರ್ತಕರಿಗೂ ಇದ್ದ ಸಂಬಂಧ ಬಹು ಪ್ರಾಚೀನವಾದುದು. ಟ್ಯುನೀಷಿಯ ಮೂಲದ ಅಬ್ರಹಾಂ ಬೆನ್ ಯಿಜು ಎಂಬ ವರ್ತಕನು ಹನ್ನೆರಡನೆಯ ಶತಮಾನದಲ್ಲಿ ನಮ್ಮ ಮಂಗಳೂರಿನಲ್ಲಿ ಹಲವು ವರ್ಷ ನೆಲೆಸಿ ವ್ಯಾಪಾರ ನಡೆಸಿದುದು ಕೈರೋ ನಗರದ ಗೆನೀಜಾ ಎಂಬ ಯೆಹೂದ್ಯ ಪತ್ರಭಂಡಾರದ ಪತ್ರಗಳಿಂದ ತಿಳಿದುಬರುತ್ತದೆ. ಅದಕ್ಕೂ ಪೂರ್ವದಲ್ಲಿ, ಸುಮಾರು ಕ್ರಿ.ಶ. 1000ರ ವೇಳೆಗೆ, ಚೇರ ದೊರೆ ಭಾಸ್ಕರ ರವಿವರ್ಮನು ಜೋಸೆಫ್ ರಬ್ಬಾನನಿಗೆ 72 ಹಕ್ಕುಗಳನ್ನು ದಯಪಾಲಿಸಿ ಹೊರಡಿಸಿದ ತಾಮ್ರಶಾಸನವನ್ನು ಕೇರಳದ ಯೆಹೂದ್ಯರು ತಮ್ಮ ಗೌರವದ ಆಧಾರವೆಂದು ಕಾಪಾಡಿಕೊಂಡು ಬಂದಿದ್ದಾರೆ.

1341ರಲ್ಲಿ ಪೆರಿಯಾರ್ ನದಿಯ ಮಹಾಪ್ರವಾಹದಿಂದ ಕೊಡುಂಗಲ್ಲೂರಿನ ಹಳೆಯ ರೇವು ಹೂಳಿನಿಂದ ಮುಚ್ಚಿಹೋಗಿ ಕೊಚ್ಚಿಯ ಅಳಿವೆ ತೆರೆದುಕೊಂಡಾಗ ವಾಣಿಜ್ಯವೂ ಅದನ್ನು ನಂಬಿದ ಜನರೂ ದಕ್ಷಿಣಕ್ಕೆ ಸರಿದರು. ಕೊಚ್ಚಂಗಾಡಿಯಲ್ಲಿ 1344ರಲ್ಲಿ ನಿರ್ಮಿತವಾದ ಸಭಾಮಂದಿರದ ಶಿಲಾಲೇಖವು ಈ ಸ್ಥಳಾಂತರಕ್ಕೆ ಸಾಕ್ಷಿಯಾಗಿದೆ. ಹೀಗೆ ಮಲೆಯಾಳವನ್ನೇ ಮನೆಮಾತಾಗಿಸಿಕೊಂಡಿದ್ದ ಮಲಬಾರಿ ಯೆಹೂದ್ಯರ ನಡುವೆ, 1492ರಲ್ಲಿ ಸ್ಪೇನಿನಿಂದ ಬಹಿಷ್ಕೃತರಾಗಿಯೂ ತರುವಾಯ ಪೋರ್ಚುಗಲ್ಲಿನ ಬಲಾತ್ಕಾರದ ಮತಾಂತರಕ್ಕೆ ಅಂಜಿಯೂ ದೇಶಭ್ರಷ್ಟರಾದ ಕೆಲವು ಕುಟುಂಬಗಳು ಬಂದು ಸೇರಿದುವು. ಅವರನ್ನು ಅಟ್ಟಿದ ಪೋರ್ಚುಗೀಸರ ಕೋಟೆ ಕೊಚ್ಚಿಯಲ್ಲಿಯೇ ಇದ್ದು, 1560ರಲ್ಲಿ ಗೋವೆಯಲ್ಲಿ ಇನ್‌ಕ್ವಿಸಿಷನ್ ಎಂಬ ಮತವಿಚಾರಣೆಯ ನ್ಯಾಯಸ್ಥಾನ ಸ್ಥಾಪಿತವಾಗಿರಲಾಗಿ, ಕೊಚ್ಚಿಯ ಅರಸನು ಮಟ್ಟಾಂಚೇರಿಯ ತನ್ನ ಅರಮನೆಯ ಮಗ್ಗುಲಲ್ಲಿಯೇ ಅವರಿಗೆ ನೆಲವಿತ್ತು ಕಾಪಾಡಿದುದು ಸಾಮಾನ್ಯವಾದ ಔದಾರ್ಯವಲ್ಲ. ಆ ನೆಲದ ಮೇಲೆ, 1568ರಲ್ಲಿ, ಸ್ಯಾಮ್ಯುಯೆಲ್ ಕಾಸ್ಟೀಲ್, ಡೇವಿಡ್ ಬೆಲೀಲ, ಜೋಸೆಫ್ ಲೇವಿ ಮೊದಲಾದವರು ಕಟ್ಟಿಸಿದ ಪ್ರಾರ್ಥನಾಲಯವೇ ಪರದೇಶಿ ಸಿನಗಾಗ್.

ಈ ಆಶ್ರಯದ ಬೆಲೆಯನ್ನು ಆ ಕಟ್ಟಡವೂ ತೆರಬೇಕಾಯಿತು. ಡಚ್ಚರು 1662ರಲ್ಲಿ ಕೊಚ್ಚಿಯನ್ನು ಮುತ್ತಿದಾಗ ಯೆಹೂದ್ಯರು ಅವರಿಗೆ ನೆರವಾದರೆಂಬ ಕ್ರೋಧದಿಂದ ಪೋರ್ಚುಗೀಸರು ಮಂದಿರಕ್ಕೆ ಬೆಂಕಿಯಿಟ್ಟರು. ಮರುವರ್ಷ ಪಟ್ಟಣವು ಡಚ್ಚರ ಕೈವಶವಾದ ಮೇಲೆ ಅದು ಜೀರ್ಣೋದ್ಧಾರಗೊಂಡಿತು. 1686ರಲ್ಲಿ ಆಮ್‌ಸ್ಟರ್‌ಡಾಮಿನಿಂದ ಬಂದ ಮೋಸೆಸ್ ಪೆರೇರ ದ ಪೈವನು ಇಲ್ಲಿನ ಯೆಹೂದ್ಯರನ್ನು ಕಂಡು ಬರೆದ ವೃತ್ತಾಂತದಿಂದ, ಇವರ ಪೂರ್ವಿಕರು ಕಾಸ್ಟೀಲ್, ಆಲ್ಜಿಯರ್ಸ್, ಜೆರೂಸಲೇಂ ಮೊದಲಾದ ದೂರದೇಶಗಳಿಂದ ಬಂದವರೆಂಬುದು ಸ್ಪಷ್ಟವಾಗುತ್ತದೆ. ಡಚ್ ಕಂಪೆನಿಯ ಪ್ರಮುಖ ವರ್ತಕನೂ ರಾಜಕಾರ್ಯಗಳಲ್ಲಿ ಮಧ್ಯಸ್ಥನೂ ಆಗಿದ್ದ ಎಜೆಕಿಯೆಲ್ ರಹಾಬಿಯ (1694–1771) ಕಾಲದಲ್ಲಿ ಗಡಿಯಾರದ ಗೋಪುರ ಎದ್ದು ನಿಂತಿತು, ಚೀನದಿಂದ ತರಿಸಿದ, ಕೈಯಿಂದ ಚಿತ್ರಿಸಿದ ನೀಲಿ ಹೆಂಚುಗಳು ನೆಲವನ್ನು ಅಲಂಕರಿಸಿದುವು. ಪಾದರಕ್ಷೆಗಳನ್ನು ಹೊರಗೆ ಕಳಚಿ ಒಳಹೋಗುವ ಪದ್ಧತಿಯೂ, ಮೇಲಂತಸ್ತಿನಲ್ಲಿರುವ ಎರಡನೆಯ ಪಠನವೇದಿಕೆಯೂ ಈ ಪರದೇಶಿಗಳು ಕೇರಳದ ಆಚಾರಕ್ಕೆ ಎಷ್ಟು ಒಗ್ಗಿಹೋಗಿದ್ದರೆಂಬುದನ್ನು ತೋರಿಸುತ್ತವೆ.

ಆದರೆ ಒಗ್ಗಿದುದು ಪಾದರಕ್ಷೆಯ ವಿಷಯದಲ್ಲಿ ಮಾತ್ರವಲ್ಲ. ಮೇಲುಕೀಳಿನ ವಿಷಯದಲ್ಲಿಯೂ ಹೌದು. ಕೊಚ್ಚಿಯ ಅಲ್ಪಸಂಖ್ಯಾತರಾದ, ಕುಲೀನರೆನಿಸಿಕೊಂಡ ಯೆಹೂದ್ಯರು ಉಳಿದವರನ್ನು ದಾಸಸಂತತಿಯೆಂದು ಹಳಿದು ವಿವಾಹಸಂಬಂಧವನ್ನು ನಿರಾಕರಿಸುತ್ತಿದ್ದರೆಂಬ ದೂರು ಹದಿನಾರನೆಯ ಶತಮಾನದಲ್ಲಿಯೇ ಈಜಿಪ್ಟಿನ ಧರ್ಮಪಂಡಿತ ಡೇವಿಡ್ ಇಬ್ನ್ ಜಿಮ್ರನ ಮುಂದೆ ಹೋಗಿತ್ತು. ವಿಧಿಪೂರ್ವಕವಾದ ಸ್ನಾನದ ಅನಂತರ ಅವರು ಸಮಾಜದೊಳಗೆ ಸೇರಲು ಅರ್ಹರೆಂದು ಆತನು ತೀರ್ಪಿತ್ತರೂ ಆಚರಣೆ ಬದಲಾಗಲಿಲ್ಲ. ಪರದೇಶಿಗಳ ಮನೆಗಳಲ್ಲಿದ್ದ ವಿಮುಕ್ತ ದಾಸರ ವಂಶಜರು ಅದೇ ಮಂದಿರದಲ್ಲಿ ಪ್ರಾರ್ಥಿಸುತ್ತಿದ್ದರೂ ಒಳಗಿನ ಆಸನಗಳು ಅವರಿಗೆ ದೊರೆಯಲಿಲ್ಲ, ಧರ್ಮಗ್ರಂಥವಾದ ತೋರಾದ ಪಠನಕ್ಕೆ ಅವರನ್ನು ಕರೆಯಲಿಲ್ಲ. ಆ ವಂಶದಲ್ಲಿಯೇ ಹುಟ್ಟಿದ ವಕೀಲರೂ ಕೊಚ್ಚಿ ಶಾಸನಸಭೆಯ ಸದಸ್ಯರೂ ಆಗಿದ್ದ ಎ. ಬಿ. ಸೇಲಂ (1882–1967) ಅವರು ಗಾಂಧೀಜಿಯವರಿಂದ ಕಲಿತ ಸತ್ಯಾಗ್ರಹವನ್ನು ತಮ್ಮ ದೇವರ ಮನೆಯ ಹೊಸ್ತಿಲಿಗೇ ತಂದು, ದೀರ್ಘಕಾಲ ಹೋರಾಡಿ ಆ ಅಡ್ಡಗೋಡೆಗಳನ್ನು ಒಂದೊಂದಾಗಿ ಕೆಡವಿದರು.

1968ರ ಡಿಸೆಂಬರಿನಲ್ಲಿ ಇಂದಿರಾ ಗಾಂಧಿಯವರ ಸಮ್ಮುಖದಲ್ಲಿ ಮಂದಿರದ ನಾಲ್ಕನೆಯ ಶತಮಾನೋತ್ಸವ ವೈಭವದಿಂದ ನಡೆದು ಅಂಚೆಚೀಟಿಯೂ ಹೊರಬಂದಿತು. ಅಷ್ಟರಲ್ಲಿ ಕೇರಳದ ಯೆಹೂದ್ಯರಲ್ಲಿ ಬಹುಮಂದಿ ಇಸ್ರೇಲಿಗೆ ತೆರಳಿಯಾಗಿತ್ತು. ಚರಿತ್ರಕಾರರು ಸಾಮಾನ್ಯವಾಗಿ ಸ್ಮರಿಸುವುದು ನೆಲವಿತ್ತ ಅರಸನನ್ನು, ಕಟ್ಟಿದ ವರ್ತಕರನ್ನು, ಹೆಂಚು ತರಿಸಿದ ಧನಿಕನನ್ನು. ಆದರೆ ತಾನು ಹೊಂದಿದ ಆಶ್ರಯವನ್ನು ಇನ್ನೊಬ್ಬನಿಗೂ ಸಮಾನವಾಗಿ ನೀಡಿದಾಗಲೇ ಶರಣಾರ್ಥಿಯು ಆ ಋಣದಿಂದ ಮುಕ್ತನಾಗುವನಾದ್ದರಿಂದ, 1568ರಲ್ಲಿ ಆರಂಭವಾದ ಈ ಮಂದಿರದ ನಿರ್ಮಾಣವನ್ನು ಪೂರ್ಣಗೊಳಿಸಿದವರು ಸೇಲಂ ಮತ್ತು ಅವರ ಜೊತೆಗಾರರೆಂದು ಹೇಳುವುದೇ ನ್ಯಾಯ.