ಪಕ್ಕದ ಮನೆಯ ಧೂಳು

2024ರ ಫೆಬ್ರುವರಿಯಲ್ಲಿ ನಮ್ಮ ಪಕ್ಕದ ಮನೆಯನ್ನು ಕೆಡವಲು ಶುರುಮಾಡಿದರು. ಬಸವನಗುಡಿಯ ಹಳೆಯ ಕಾಲದ ಮನೆ ಅದು. ಮುಂದೆ ಜಗಲಿ, ಒಳಗೆ ಕೆಂಪು ಗಾರೆಯ ನೆಲ, ಮೇಲೆ ಮರದ ತೊಲೆಗಳ ಮೇಲೆ ಕೂರಿಸಿದ ಮದ್ರಾಸ್ ತಾರಸಿ. ಆ ಮನೆಯ ಅಜ್ಜಿ ತೀರಿಕೊಂಡು ಕೆಲವು ವರ್ಷಗಳಾಗಿದ್ದವು. ಮೊಮ್ಮಕ್ಕಳು ಹೊರದೇಶದಲ್ಲಿದ್ದರು. ಮನೆ ಮಾರಿದರು, ಕೊಂಡವರು ಅಲ್ಲಿ ನಾಲ್ಕಂತಸ್ತಿನ ಕಟ್ಟಡ ಎಬ್ಬಿಸುವವರಿದ್ದರು.

ಮೊದಲ ದಿನ ಸಂಜೆಯಷ್ಟರಲ್ಲಿ ನಮ್ಮ ತುಳಸಿ ಎಲೆಗಳು ಬಣ್ಣ ಬದಲಿಸಿದ್ದವು. ಎರಡನೆಯ ದಿನ ಒಣಗಲು ಹಾಕಿದ ಬಟ್ಟೆಗಳನ್ನು ಮತ್ತೆ ಒಗೆಯಬೇಕಾಯಿತು. ಮೂರನೆಯ ರಾತ್ರಿ ಅಮ್ಮನಿಗೆ ಉಬ್ಬಸ ಬಂತು. ಎಪ್ಪತ್ತು ದಾಟಿದ ಅಮ್ಮ ಹಾಸಿಗೆಯ ಮೇಲೆ ಮುಂದಕ್ಕೆ ಬಾಗಿ ಕೂತು, ಇನ್‌ಹೇಲರ್ ಹಿಡಿದು ಬೆಳಗು ಮಾಡಿದಳು. ಮಾರನೆಯ ದಿನದಿಂದ ನಮ್ಮ ಮನೆಯಲ್ಲೊಂದು ಯುದ್ಧಸಿದ್ಧತೆ. ಕಿಟಕಿಯ ಸಂದುಗಳಿಗೆ ಹಳೆಯ ಸೀರೆಯ ತುಂಡು, ಬಾಗಿಲ ಕೆಳಗೆ ಒದ್ದೆ ಟವೆಲು, ಪೊರಕೆಯ ಬದಲು ಒದ್ದೆ ಬಟ್ಟೆ. ಇಷ್ಟಾದರೂ ಗಾಜಿನ ಬೀರುವಿನೊಳಗಿನ ಪುಸ್ತಕಗಳ ಮೇಲೆ ಬೆರಳಾಡಿಸಿದರೆ ಗೆರೆ ಬೀಳುತ್ತಿತ್ತು.

ನಾನು ಕಾಲೇಜಿನಲ್ಲಿ ಚರಿತ್ರೆ ಕಲಿಸುವವಳು. ಬೇರೇನೂ ಮಾಡಲಾಗದಿದ್ದಾಗ ಧೂಳನ್ನೇ ನೋಡತೊಡಗಿದೆ. ಮೊದಲು ಕಣ್ಣಿಗೆ ಬಿದ್ದದ್ದು ಅದರ ಬಣ್ಣ. ಹಳೆಯ ಮನೆ ಬೀಳುತ್ತಿದ್ದ ದಿನಗಳಲ್ಲಿ ಬರುತ್ತಿದ್ದುದು ತೆಳು ಗುಲಾಬಿ ಧೂಳು. ಹೊಸ ಕಟ್ಟಡ ಏಳತೊಡಗಿದ ಮೇಲೆ ಬಂದದ್ದು ಬೂದು ಬಣ್ಣದ್ದು. ಈ ಎರಡು ಬಣ್ಣಗಳ ನಡುವೆ ಈ ಊರಿನ ಕಟ್ಟಡಗಳ ಚರಿತ್ರೆಯೇ ಇದೆ.

ಗುಲಾಬಿ ಧೂಳು ಸುಣ್ಣ ಮತ್ತು ಸುರ್ಕಿಯದು. ಸುರ್ಕಿ ಎಂದರೆ ನುಣ್ಣಗೆ ಪುಡಿಮಾಡಿದ ಸುಟ್ಟ ಇಟ್ಟಿಗೆ. ಸಿಮೆಂಟು ಮನೆಮನೆಗೂ ಬರುವ ಮೊದಲು ನಮ್ಮ ಕಡೆಯ ಗೋಡೆಗಳನ್ನು ಹಿಡಿದಿಟ್ಟದ್ದು ಇದೇ. 1911ರಲ್ಲಿ ಶುರುವಾದ ಕನ್ನಂಬಾಡಿ ಕಟ್ಟೆಯ ಕಲ್ಲುಗಳ ನಡುವೆ ಇರುವುದೂ ಸುರ್ಕಿ ಗಾರೆಯೇ. ಗೂಡಿನಲ್ಲಿ ಸುಟ್ಟ ಸುಣ್ಣಕಲ್ಲನ್ನು ಗುಂಡಿಯಲ್ಲಿ ನೀರು ಹಾಕಿ ಅರಳಿಸಿ, ದಿನಗಟ್ಟಲೆ ನೆನೆಯಲು ಬಿಡುತ್ತಿದ್ದರು. ಆಮೇಲೆ ವೃತ್ತಾಕಾರದ ತೊಟ್ಟಿಯಲ್ಲಿ ಮರಳು, ಸುರ್ಕಿ ಬೆರೆಸಿ, ಎತ್ತು ಎಳೆಯುವ ಕಲ್ಲಿನ ಗಾಲಿಯಿಂದ ಅರೆಯುತ್ತಿದ್ದರು. ಕೆಲವೆಡೆ ಬೆಲ್ಲದ ನೀರು, ಅಳಲೆಕಾಯಿಯ ರಸ ಸೇರಿಸುತ್ತಿದ್ದರು. ತಾರಸಿಯ ಮೇಲೆ ಇಟ್ಟಿಗೆ ಚೂರು ಮತ್ತು ಸುಣ್ಣದ ಪದರ ಹಾಸಿ, ಹೆಂಗಸರು ಸಾಲಾಗಿ ಕೂತು, ನೀರು ಚಿಮುಕಿಸುತ್ತ ಮರದ ಕೊಡತಿಗಳಿಂದ ದಿನಗಟ್ಟಲೆ ಬಡಿಯುತ್ತಿದ್ದರು.

ಇದರಲ್ಲಿ ಗಮನಿಸಬೇಕಾದ್ದು ನೀರು. ಮನೆ ಕಟ್ಟುವುದು ಬಹುಮಟ್ಟಿಗೆ ಒದ್ದೆ ಕೆಲಸವಾಗಿತ್ತು. ಹಾಗೆಂದು ಹಳೆಯ ಕಾಲದಲ್ಲಿ ಧೂಳೇ ಇರಲಿಲ್ಲ ಎಂದು ನಿಟ್ಟುಸಿರಿಡುವುದು ಸುಳ್ಳಾಗುತ್ತದೆ. ಸುರ್ಕಿಗಾಗಿ ಇಟ್ಟಿಗೆ ಕುಟ್ಟಿದವರು, ಜಲ್ಲಿ ಒಡೆದವರು, ಸುಟ್ಟ ಸುಣ್ಣ ಹೊತ್ತವರು ಧೂಳು ಕುಡಿದೇ ಬದುಕಿದರು. ಧೂಳು ಆಗಲೂ ಇತ್ತು; ಆದರೆ ಹೆಚ್ಚಿನದು ಕಲ್ಲುಗಣಿಯಲ್ಲಿ, ಗೂಡಿನ ಬಳಿ, ಊರಾಚೆ ಉಳಿಯುತ್ತಿತ್ತು. ಮನೆ ಕಟ್ಟಿಸುವವರ ಮೂಗಿಗೆ ಅದು ತಲುಪುತ್ತಿರಲಿಲ್ಲ.

ಇನ್ನೊಂದು ವಿಷಯವೂ ಹೊಳೆಯಿತು. ನಮ್ಮ ಬಡಾವಣೆ ಹುಟ್ಟಿದ್ದೇ ಗಾಳಿಯ ಕಾರಣಕ್ಕೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಂತು. ಪೇಟೆಯ ಇಕ್ಕಟ್ಟಿನ ಬೀದಿಗಳಲ್ಲಿ ಜನ ಸತ್ತರು, ಊರು ಬಿಟ್ಟು ಓಡಿದರು. ಅದರ ಬೆನ್ನಿಗೇ ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ರೂಪುಗೊಂಡವು. ನೇರವಾದ ಅಗಲ ರಸ್ತೆಗಳು, ಮನೆಗೂ ಮನೆಗೂ ನಡುವೆ ಜಾಗ, ಹಿಂದೆ ಕನ್ಸರ್ವೆನ್ಸಿ ಗಲ್ಲಿ. ಪ್ಲೇಗು ಇಲಿಯ ಚಿಗಟದಿಂದ ಹರಡುತ್ತದೆ ಎಂಬುದು ಆಗಿನ್ನೂ ಎಲ್ಲರೂ ಒಪ್ಪಿದ ಮಾತಾಗಿರಲಿಲ್ಲ. ಕತ್ತಲೆ, ಕೊಳೆ, ಕೆಟ್ಟ ಗಾಳಿಗಳೇ ಶತ್ರುಗಳೆಂದು ತಿಳಿದಿದ್ದರು. ಕಾರಣ ಪೂರ್ತಿ ಸರಿಯಿಲ್ಲದಿದ್ದರೂ ಪರಿಹಾರ ಚೆನ್ನಾಗಿತ್ತು. ಮನೆಗಳ ನಡುವಿನ ಆ ಖಾಲಿ ಜಾಗ ನೂರು ವರ್ಷ ನಮ್ಮನ್ನು ಒಬ್ಬರ ಹೊಗೆ, ಸದ್ದು, ಧೂಳಿನಿಂದ ಇನ್ನೊಬ್ಬರನ್ನು ಕಾಪಾಡಿತು. ಈಗ ನಿವೇಶನದ ಬೆಲೆ ಏರಿದಂತೆ ಆ ಜಾಗ ಕರಗುತ್ತ ಬಂದಿದೆ. ಪಕ್ಕದ ಕಟ್ಟಡದ ಸಾರುವೆ ಕೋಲುಗಳು ನಮ್ಮ ಅಡುಗೆಮನೆ ಕಿಟಕಿಗೆ ಕೈಯಳತೆಯಲ್ಲಿದ್ದವು.

ಬೂದು ಧೂಳು ಬೇರೆಯೇ ಬಗೆಯದು. ಕಾಂಕ್ರೀಟ್ ಬ್ಲಾಕ್, ಗ್ರಾನೈಟ್ ಚಪ್ಪಡಿ, ಟೈಲ್ಸುಗಳನ್ನು ಸ್ಥಳದಲ್ಲೇ ವಿದ್ಯುತ್ ಗರಗಸದಿಂದ ಒಣ ಒಣವಾಗಿ ಕತ್ತರಿಸುತ್ತಾರೆ. ಉಳಿಯಿಂದ ಕೆತ್ತಿದರೆ ಚಕ್ಕೆ ಹಾರುತ್ತದೆ. ನಿಮಿಷಕ್ಕೆ ಸಾವಿರಾರು ಸುತ್ತು ತಿರುಗುವ ಗರಗಸದಿಂದ ಹೊಗೆಯಂಥ ಪುಡಿ ಏಳುತ್ತದೆ. ನಮ್ಮ ತಲೆಗೂದಲಿನ ದಪ್ಪ ಸುಮಾರು 70 ಮೈಕ್ರೋಮೀಟರ್. 10 ಮೈಕ್ರೋಮೀಟರಿಗಿಂತ ಸಣ್ಣ ಕಣ ಮೂಗು ಗಂಟಲು ದಾಟುತ್ತದೆ. ಇನ್ನೂ ಸಣ್ಣದು ಶ್ವಾಸಕೋಶದ ತಳಕ್ಕಿಳಿದು ಅಲ್ಲೇ ಉಳಿಯುತ್ತದೆ. ಗ್ರಾನೈಟಿನಲ್ಲಿ, ಮರಳಿನಲ್ಲಿ ಇರುವ ಸಿಲಿಕಾ ಹೀಗೆ ಒಳಗಿಳಿದು ವರ್ಷಗಟ್ಟಲೆ ಗಾಯ ಮಾಡಿದರೆ ಬರುವ ಕಾಯಿಲೆಯೇ ಸಿಲಿಕೋಸಿಸ್. ಅದಕ್ಕೆ ಇಂದಿಗೂ ಗುಣಪಡಿಸುವ ಮದ್ದಿಲ್ಲ. ಅಮ್ಮನಂಥವರಿಗೆ ಕೆಲವು ತಿಂಗಳ ಧೂಳು ಉಬ್ಬಸ ಕೆರಳಿಸುತ್ತದೆ. ಜೀವಮಾನವಿಡೀ ಗರಗಸ ಹಿಡಿದವರಿಗೆ ಶ್ವಾಸಕೋಶವೇ ಕಲ್ಲಾಗುತ್ತದೆ.

ಇದು ಹೊಸ ತಿಳಿವಳಿಕೆಯಲ್ಲ. ಹದಿನೇಳನೆಯ ಶತಮಾನದಲ್ಲಿ ಹಾಲೆಂಡಿನ ಯೂಟ್ರೆಕ್ಟ್‌ನಲ್ಲಿ ಡೀಮರ್‌ಬ್ರೂಕ್ ಎಂಬ ವೈದ್ಯನಿದ್ದ. ಉಬ್ಬಸದಿಂದ ಸತ್ತ ಕಲ್ಲುಕುಟಿಗರ ದೇಹಗಳನ್ನು ಕೊಯ್ದು ನೋಡಿದಾಗ, ಚಾಕು ಮರಳ ರಾಶಿಯಲ್ಲಿ ಆಡಿದಂತಾಯಿತೆಂದು ಬರೆದ. ಒಬ್ಬ ಕಲ್ಲುಕುಟಿಗ ಅವನಿಗೆ ಹೇಳಿದನಂತೆ: ಕಾರ್ಖಾನೆಯಲ್ಲಿ ಎತ್ತಿನ ಮೂತ್ರಕೋಶದ ಚೀಲವೊಂದನ್ನು ಬಾಯಿ ಮುಚ್ಚಿ ತೂಗುಹಾಕಿದರೆ, ವರ್ಷದೊಳಗೆ ಅದರೊಳಗೂ ಒಂದು ಹಿಡಿ ಕಲ್ಲಿನ ಪುಡಿ ಸೇರಿರುತ್ತದೆ! ನನ್ನ ಗಾಜಿನ ಬೀರುವಿನ ಪುಸ್ತಕಗಳ ಮೇಲೆ ಧೂಳು ಹೇಗೆ ಬಂತೆಂಬ ಬೆರಗಿಗೆ ಮುನ್ನೂರೈವತ್ತು ವರ್ಷದ ಹಿಂದೆಯೇ ಉತ್ತರವಿತ್ತು. 1700ರಲ್ಲಿ ಇಟಲಿಯ ಬರ್ನಾರ್ದಿನೊ ರಮಝ್ಝೀನಿ ಕಸುಬುದಾರರ ಕಾಯಿಲೆಗಳ ಬಗ್ಗೆ ಬರೆದ ಪ್ರಸಿದ್ಧ ಪುಸ್ತಕದಲ್ಲಿ ಈ ಕಲ್ಲುಕುಟಿಗರ ಕತೆಯನ್ನೂ ಸೇರಿಸಿದ. ರೋಗಿಯನ್ನು ನೋಡುವಾಗ ನಿನ್ನ ಕಸುಬೇನೆಂದು ಕೇಳಬೇಕು ಎಂದು ವೈದ್ಯರಿಗೆ ಕಲಿಸಿದವನು ಅವನೇ.

ನಮ್ಮ ನಾಡಿನಲ್ಲೂ ಇದಕ್ಕೆ ದೂರ ಹೋಗಬೇಕಿಲ್ಲ. ಭಾರತದ ಸಿಲಿಕೋಸಿಸ್ ಚರಿತ್ರೆಯಲ್ಲಿ ವೈದ್ಯಕೀಯ ಪಠ್ಯಪುಸ್ತಕಗಳು ಹೆಸರಿಸುವ ಮೊದಲ ಜಾಗ ಕೋಲಾರದ ಚಿನ್ನದ ಗಣಿ, ವರ್ಷ 1947. ಗಣಿಯ ಆಳದಲ್ಲಿ ಬಂಡೆ ಕೊರೆದ ಸಾವಿರಾರು ಜನರ ಎದೆಯಲ್ಲಿ ಚಿನ್ನದ ಜೊತೆಗಾರ ಕಲ್ಲಿನ ಪುಡಿ ನಿಂತಿತ್ತು. ಸ್ವಾತಂತ್ರ್ಯ ಬಂದ ಮೇಲೆ ಬೆಂಗಳೂರಿನಲ್ಲಿ ವಿಧಾನಸೌಧ ಎದ್ದಿತು. 1951ರಲ್ಲಿ ನೆಹರೂ ಅಡಿಗಲ್ಲು ಹಾಕಿದರು, 1956ರಲ್ಲಿ ಕಟ್ಟಡ ಮುಗಿಯಿತು. ಕೆಂಗಲ್ ಹನುಮಂತಯ್ಯನವರ ಕನಸು, ಅದಕ್ಕೆ ಬಂದ ಟೀಕೆ, ಖರ್ಚಿನ ಲೆಕ್ಕ ಎಲ್ಲವನ್ನೂ ನಾನು ತರಗತಿಯಲ್ಲಿ ಹೇಳುತ್ತೇನೆ. ಸೆರೆಮನೆಯ ಕೈದಿಗಳೂ ಅಲ್ಲಿ ದುಡಿದರೆಂದು ಹೇಳುತ್ತೇನೆ. ಅಷ್ಟು ಗ್ರಾನೈಟನ್ನು ಉಳಿಯಿಂದ ಕೆತ್ತಿದವರ ಉಸಿರು ಆಮೇಲೆ ಹೇಗಿತ್ತು ಎಂದು ಒಬ್ಬ ವಿದ್ಯಾರ್ಥಿಯೂ ಕೇಳಿಲ್ಲ. ಪಕ್ಕದ ಮನೆ ಬೀಳುವ ತನಕ ನಾನೂ ಕೇಳಿಕೊಂಡಿರಲಿಲ್ಲ.

ಪರಿಹಾರವೂ ಹಳೆಯದೇ. 1897ರ ಸುಮಾರಿಗೆ ಅಮೆರಿಕದ ಡೆನ್ವರಿನಲ್ಲಿ ಜಾರ್ಜ್ ಲೇನರ್ ಎಂಬಾತ ಬಂಡೆ ಕೊರೆಯುವ ಹೊಸ ಯಂತ್ರ ಮಾಡಿದ. ಟೊಳ್ಳು ಉಕ್ಕಿನ ಮೂಲಕ ಗಾಳಿ ಊದಿ ಪುಡಿಯನ್ನು ಹೊರಹಾಕುವುದು ಅದರ ಉಪಾಯ. ಆದರೆ ಎದ್ದ ಧೂಳು ಕಂಡು ಗಣಿ ಕೆಲಸಗಾರರು ಅದನ್ನು ಮುಟ್ಟಲು ಒಪ್ಪಲಿಲ್ಲ. ಲೇನರ್ ಗಾಳಿಯ ಜೊತೆ ನೀರನ್ನೂ ಹಾಯಿಸಿದ. ಧೂಳು ಕೆಸರಾಗಿ ಕೆಳಗಿಳಿಯಿತು. ನಮ್ಮ ಕೇಂದ್ರ ಸರ್ಕಾರ 2018ರ ಜನವರಿಯಲ್ಲಿ ಹೊರಡಿಸಿದ ಅಧಿಸೂಚನೆಯೂ ಅದನ್ನೇ ಹೇಳುತ್ತದೆ: ಕಲ್ಲು ಕತ್ತರಿಸುವಾಗ, ಉಜ್ಜುವಾಗ ನೀರು ಹಾಯಿಸಬೇಕು, ಮರಳು ಮಣ್ಣು ಮುಚ್ಚಿಡಬೇಕು, ಗಾಳಿತಡೆ ಕಟ್ಟಬೇಕು.

ಈ ಅಧಿಸೂಚನೆಯ ಪ್ರತಿ ಹಿಡಿದುಕೊಂಡು ಒಂದು ಬೆಳಿಗ್ಗೆ ಪಕ್ಕದ ಸೈಟಿಗೆ ಹೋದೆ. ಕಟ್ಟಿಸುವವರು ಫೋನಿಗೆ ಸಿಗುತ್ತಿರಲಿಲ್ಲ. ಮೇಸ್ತ್ರಿ ಇದ್ದ, ಯಾದಗಿರಿ ಕಡೆಯವನು. ಅವನ ಹೆಂಡತಿಯೂ ಅಲ್ಲೇ ಕೆಲಸ ಮಾಡುತ್ತಿದ್ದಳು. ಕೆಳಗಿನ ಅಂತಸ್ತಿನ ಮೂಲೆಯಲ್ಲಿ ತಗಡು, ಟಾರ್ಪಾಲಿನ್ ಕಟ್ಟಿಕೊಂಡು ಅವರ ಸಂಸಾರ. ನಾನು ಅಮ್ಮನ ವಿಷಯ ಹೇಳಿ, ನೀರು ಹಾಕಿ ಕತ್ತರಿಸಬೇಕು ಎಂದೆ. ಅವನು ಕಾಗದವನ್ನು ನೋಡಲಿಲ್ಲ.

"ಅಕ್ಕಾರ, ನಮಗ ಕುಡಿಯಾಕ ನೀರಿಲ್ಲ. ಧೂಳಿಗೆ ಎಲ್ಲಿಂದ ತರ್ಲಿ?" ಎಂದ.

ಅವನ ಮಾತು ನಿಜ. ಆ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿದ್ದವು. ಕಟ್ಟಡ ಕೆಲಸಕ್ಕೆ, ಕಾರು ತೊಳೆಯಲು ಕುಡಿಯುವ ನೀರು ಬಳಸಿದರೆ 5,000 ರೂಪಾಯಿ ದಂಡವೆಂದು ಮಾರ್ಚ್‌ನಲ್ಲಿ ಆದೇಶ ಬಂದಿತ್ತು. ಒಂದು ಕಾನೂನು ನೀರು ಹಾಕು ಎನ್ನುತ್ತಿತ್ತು, ಇನ್ನೊಂದು ಕುಡಿಯುವ ನೀರು ಮುಟ್ಟಬೇಡ ಎನ್ನುತ್ತಿತ್ತು. ಎರಡೂ ಸರಿ. ಸಂಸ್ಕರಿಸಿದ ನೀರಿನ ಟ್ಯಾಂಕರು ತರಿಸುವುದು ಕಟ್ಟಿಸುವವರ ಕೆಲಸ, ಅವರು ತರಿಸಿರಲಿಲ್ಲ. ನಾನು ಹೊರಡುವಾಗ ಮೇಸ್ತ್ರಿಯ ಹೆಂಡತಿ ಮೆಲ್ಲಗೆ ಅಂದಳು: "ನಿಮ್ಮವ್ವಗ ರಾತ್ರಿ ಕೆಮ್ಮು ಬರತೈತಿ, ಕೇಳಸ್ತೈತ್ರಿ ನಮಗ. ನಮ್ಮ ಹುಡುಗನೂ ಕೆಮ್ಮತಾನ. ನಿಮಗ ಕೇಳಸಂಗಿಲ್ಲೇನ್ರಿ?"

ಕೇಳಿಸುತ್ತಿರಲಿಲ್ಲ. ಕಿಟಕಿಗಳನ್ನೆಲ್ಲ ಮುಚ್ಚಿಕೊಂಡಿದ್ದೆವಲ್ಲ.

ಮನೆಗೆ ಬಂದು ಇದನ್ನೆಲ್ಲ ಅಮ್ಮನಿಗೆ ಹೇಳಿದೆ. ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, "ಆ ಅಜ್ಜಿಯೂ ಇದನ್ನೇ ಕೇಳಿದ್ರು ಕಣೇ," ಎಂದಳು. ನನಗೆ ಮರೆತೇ ಹೋಗಿತ್ತು. 1996ರಲ್ಲಿ ನಾವು ಮಹಡಿ ಕಟ್ಟಿಸಿದೆವು. ರಸ್ತೆಯಲ್ಲೇ ಹೊಳೆಮರಳಿನ ರಾಶಿ, ಅಲ್ಲೇ ಜರಡಿ ಹಿಡಿಯುವುದು, ಅಲ್ಲೇ ಸಿಮೆಂಟು ಕಲೆಸುವುದು. ಪಕ್ಕದ ಮನೆಯ ಅಜ್ಜಿ ಒಂದು ಸಂಜೆ ಗೇಟಿನ ಬಳಿ ನಿಂತು, "ಒಂದಿಷ್ಟು ನೀರು ಚಿಮುಕಿಸೋಕೆ ಹೇಳಪ್ಪಾ, ಉಸಿರಾಡೋಕಾಗಲ್ಲ," ಎಂದು ಅಪ್ಪನನ್ನು ಕೇಳಿದ್ದರು. "ಇನ್ನೆರಡು ತಿಂಗಳು ಸಹಿಸ್ಕೊಳಿ ಅಮ್ಮಾ, ಮುಗಿದೇ ಹೋಗತ್ತೆ," ಎಂದಿದ್ದರು ಅಪ್ಪ. ಕೆಲಸ ಎಂಟು ತಿಂಗಳು ನಡೆಯಿತು. ಗೃಹಪ್ರವೇಶದ ದಿನ ಅಜ್ಜಿಗೆ ಒಬ್ಬಟ್ಟು ಕೊಟ್ಟು ಬಂದವಳು ನಾನೇ. ಅವರು ತೆಗೆದುಕೊಂಡು, ಒಳ್ಳೆಯದಾಗಲಿ ಎಂದು ಹರಸಿದ್ದರು. ಈಗ ಅವರದೇ ಮನೆಯ ಗೋಡೆ ಗುಲಾಬಿ ಪುಡಿಯಾಗಿ ನಮ್ಮ ಮಂಚದ ಮೇಲೆ ಬಿದ್ದಿತ್ತು.

ಉಪಾಯ ಹೇಳಿದ್ದು ಅಮ್ಮನೇ. ನಮ್ಮ ಮನೆಯಲ್ಲಿ ಬಟ್ಟೆ ಜಾಲಿಸಿದ ನೀರು, ಅಕ್ಕಿ ತೊಳೆದ ನೀರು ದಿನವೂ ಮೋರಿಗೆ ಹೋಗುತ್ತದೆ, ಅದನ್ನು ಕೊಡೋಣ ಎಂದಳು. ಹಿತ್ತಲಲ್ಲೊಂದು ಡ್ರಮ್ಮು ಇಟ್ಟು, ಕಾಂಪೌಂಡಿನ ಮೇಲಿಂದ ಪೈಪು ಇಳಿಬಿಟ್ಟೆವು. ಮೇಸ್ತ್ರಿ ಎರಡು ಲೀಟರಿನ ಬಾಟಲಿಯ ಮುಚ್ಚಳಕ್ಕೆ ತೂತು ಮಾಡಿ, ಗರಗಸದ ಹಲ್ಲೆಯ ಮೇಲೆ ಹನಿ ಬೀಳುವಂತೆ ಕಟ್ಟಿದ. ವಿದ್ಯುತ್ ಯಂತ್ರಕ್ಕೆ ನೀರು ತಾಗಿದರೆ ಅಪಾಯವಲ್ಲವೇ ಎಂದು ಹೆದರಿದೆ. ಅವನು ಎರಡು ದಿನ ಕೆಲಸ ನಿಲ್ಲಿಸಿ, ನೀರಿನ ಕೊಳವೆಯಿರುವ ಕಲ್ಲು ಕತ್ತರಿಸುವ ಯಂತ್ರವನ್ನೇ ಬಾಡಿಗೆಗೆ ತಂದ. ಆ ಬಾಡಿಗೆಯ ಅರ್ಧ ನಾವು ಕೊಟ್ಟೆವು. ಅದು ನಮ್ಮ ಹೊಣೆಯಾಗಿರಲಿಲ್ಲ ಎಂದು ಸ್ನೇಹಿತರು ಬೈದರು. 1996ರ ಬಾಕಿ ಇತ್ತು ಎಂದು ನಾನು ಅವರಿಗೆ ಹೇಳಲಿಲ್ಲ.

ಧೂಳು ನಿಂತಿತೇ? ಇಲ್ಲ. ಕಲ್ಲು ಕತ್ತರಿಸುವಾಗ ಬರುತ್ತಿದ್ದ ಮೋಡ ಕೆಸರಾಯಿತು, ಅಷ್ಟೆ. ಗೋಡೆಗೆ ಪುಟ್ಟಿ ಉಜ್ಜುವ ವಾರಗಳಲ್ಲಿ ಮನೆ ಮತ್ತೆ ಬಿಳಿಯಾಯಿತು, ಅಮ್ಮನನ್ನು ಮೈಸೂರಿನ ಚಿಕ್ಕಮ್ಮನ ಮನೆಗೆ ಕಳಿಸಬೇಕಾಯಿತು. ನಮಗೆ ಹೋಗಲು ಚಿಕ್ಕಮ್ಮನ ಮನೆಯಿತ್ತು. ಮೇಸ್ತ್ರಿಯ ಹುಡುಗನಿಗೆ ಇರಲಿಲ್ಲ. ಅವನನ್ನು ನಮ್ಮ ಡಾಕ್ಟರ ಬಳಿ ಎರಡು ಸಲ ಕರೆದುಕೊಂಡು ಹೋದೆ. ಮೂರನೆಯ ಸಲ ಹೋಗಬೇಕೆನ್ನುವಷ್ಟರಲ್ಲಿ ಅವರ ಕೆಲಸ ಮುಗಿದು, ಊರಿನ ಇನ್ನಾವುದೋ ಮೂಲೆಯ ಹೊಸ ಸೈಟಿಗೆ ಹೊರಟುಹೋಗಿದ್ದರು.

ಈಗ ವಿಧಾನಸೌಧದ ಪಾಠ ಬಂದಾಗ ಅಡಿಗಲ್ಲಿನ ವರ್ಷದ ಜೊತೆಗೆ ಇನ್ನೊಂದು ಪ್ರಶ್ನೆಯನ್ನೂ ಕರಿಹಲಗೆಯ ಮೇಲೆ ಬರೆಯುತ್ತೇನೆ: ಇದರ ಧೂಳು ಯಾರ ಎದೆಗೆ ಹೋಯಿತು? ಪರೀಕ್ಷೆಗೆ ಬರುತ್ತಾ ಮೇಡಂ ಎಂದು ಹುಡುಗರು ಕೇಳುತ್ತಾರೆ. ಬರುವುದಿಲ್ಲ ಎನ್ನುತ್ತೇನೆ. ಕೆಲವರು ಆದರೂ ಬರೆದುಕೊಳ್ಳುತ್ತಾರೆ.

ಪಕ್ಕದ ಕಟ್ಟಡಕ್ಕೆ ಹೊಸ ಸಂಸಾರಗಳು ಬಂದಿವೆ. ಗೃಹಪ್ರವೇಶದ ಲಾಡು ನಮ್ಮ ಮನೆಗೂ ಬಂತು. ಅಮ್ಮ ತೆಗೆದುಕೊಂಡು, ಒಳ್ಳೆಯದಾಗಲಿ ಎಂದಳು. ಹಿತ್ತಲಿನ ಡ್ರಮ್ಮನ್ನು ನಾವಿನ್ನೂ ತೆಗೆದಿಲ್ಲ. ಎದುರುಸಾಲಿನ ಹಳೆಯ ಮನೆಯೊಂದಕ್ಕೆ ಮೊನ್ನೆ ತಗಡಿನ ಬೇಲಿ ಹಾಕಿದ್ದಾರೆ.