ಹೊಲಿದ ಬೆರಳನ್ನು ಆಡಿಸಲು ಕಲಿತದ್ದು

ಬೆರಳನ್ನು ಮಡಚುವ ಮುಖ್ಯ ಸ್ನಾಯುಗಳಿರುವುದು ಮುಂಗೈಯಲ್ಲಿ. ಅವುಗಳ ರಜ್ಜುಗಳು ಮಣಿಕಟ್ಟು ದಾಟಿ, ಅಂಗೈ ಹಾಯ್ದು ಬೆರಳಿನ ಮೂಳೆಗಳಿಗೆ ಸೇರುತ್ತವೆ. ಹೆಬ್ಬೆರಳನ್ನು ಬಿಟ್ಟು ಉಳಿದ ಬೆರಳುಗಳಲ್ಲಿ, ಬುಡದಿಂದ ನಡುಭಾಗದವರೆಗೆ ಎರಡೆರಡು ರಜ್ಜುಗಳು ಒಂದೇ ಇಕ್ಕಟ್ಟಾದ ಕೊಳವೆಯೊಳಗೆ ಜಾರುತ್ತಿರುತ್ತವೆ. ಕುಡುಗೋಲೋ ಒಡೆದ ಗಾಜೋ ತಾಗಿ ಅಲ್ಲಿ ಎರಡೂ ತುಂಡಾದರೆ ಬೆರಳು ಮಡಚಲು ಬರುವುದಿಲ್ಲ. ಹೊಲಿದರೂ, ಮಾಯುವ ಗಾಯ ರಜ್ಜುವನ್ನು ಕೊಳವೆಯ ಗೋಡೆಗೆ ಅಂಟಿಸಿಬಿಡುತ್ತದೆ.

ಈ ಅಂಟಿನ ಭಯವೇ ಇಪ್ಪತ್ತನೆಯ ಶತಮಾನದ ಮೊದಲರ್ಧವನ್ನು ಆಳಿತು. ಕೈಯ ಶಸ್ತ್ರಚಿಕಿತ್ಸೆಗೆ ಅಮೆರಿಕದಲ್ಲಿ ಬುನಾದಿ ಹಾಕಿದ ಸ್ಟರ್ಲಿಂಗ್ ಬನೆಲ್ ಈ ಜಾಗಕ್ಕೆ ‘ನೋ ಮ್ಯಾನ್ಸ್ ಲ್ಯಾಂಡ್’ ಎಂದು ಹೆಸರಿಟ್ಟರು. ಅಲ್ಲಿ ರಜ್ಜು ಹೊಲಿಯಬೇಡಿ, ಚರ್ಮವನ್ನಷ್ಟೇ ಮುಚ್ಚಿ, ಗಾಯ ಮಾಗಿದ ಮೇಲೆ ಬೇರೆಡೆಯ ರಜ್ಜು ತಂದು ಕಸಿ ಮಾಡಿ ಎಂಬುದು ಅವರ ಬೋಧನೆ. ಆ್ಯಂಟಿಬಯಾಟಿಕ್‌ಗಳಿಲ್ಲದ ಕಾಲದಲ್ಲಿ ಅದು ವಿವೇಕದ ಮಾತೇ ಆಗಿತ್ತು. ಆದರೆ ಕೈಯನ್ನೇ ನಂಬಿ ಬದುಕುವವರು ತಿಂಗಳುಗಟ್ಟಲೆ ಕಾಯಬೇಕಾಗುತ್ತಿತ್ತು.

1960ರಲ್ಲಿ ಸ್ವಿಟ್ಜರ್ಲೆಂಡಿನ ಕ್ಲಾಡ್ ವರ್ಡಾನ್ ಇದೇ ಜಾಗದಲ್ಲಿ ಆರಂಭದಲ್ಲೇ ಹೊಲಿದು ಪಡೆದ ಫಲಿತಾಂಶಗಳನ್ನು ಪ್ರಕಟಿಸಿದರು. 1967ರಲ್ಲಿ ಅಮೆರಿಕದ ಲೂಯಿವಿಲ್‌ನ ಹ್ಯಾರಲ್ಡ್ ಕ್ಲೈನರ್ಟ್ ಮತ್ತು ಸಂಗಡಿಗರು ಇನ್ನೊಂದು ಹೆಜ್ಜೆ ಮುಂದಿಟ್ಟಾಗ ಸಹವೈದ್ಯರಲ್ಲಿ ಅನೇಕರು ನಂಬಲಿಲ್ಲ. ಅವರ ವಿಧಾನದ ಜೀವ ಇದ್ದದ್ದು ಹೊಲಿಗೆಯ ನಂತರದ ಆರೈಕೆಯಲ್ಲಿ. ಮಣಿಕಟ್ಟನ್ನು ತುಸು ಬಾಗಿಸಿ ಕೈಯ ಹಿಂಬದಿಗೆ ಸ್ಪ್ಲಿಂಟ್ ಕಟ್ಟುತ್ತಿದ್ದರು. ಗಾಯವಾದ ಬೆರಳಿನ ಉಗುರಿಗೆ ದಾರ ಪೋಣಿಸಿ, ಅದರಿಂದ ಮಣಿಕಟ್ಟಿನ ಕಡೆಗೆ ಒಂದು ರಬ್ಬರ್ ಬ್ಯಾಂಡ್ ಎಳೆದು ಸಿಕ್ಕಿಸುತ್ತಿದ್ದರು. ರೋಗಿ ತಾನೇ ಬೆರಳು ನೀಡಬೇಕು. ಮಡಚುವ ಕೆಲಸ ಬ್ಯಾಂಡಿನದು. ಬೆರಳು ನೀಡುವಾಗ ಮಡಚುವ ಸ್ನಾಯು ಸಡಿಲವಾಗುವುದರಿಂದ ಹೊಲಿಗೆಯ ಮೇಲೆ ಜಗ್ಗು ಬೀಳದು, ಆದರೂ ರಜ್ಜು ಕೊಳವೆಯಲ್ಲಿ ಹಿಂದೆಮುಂದೆ ಜಾರುತ್ತಲೇ ಇರುತ್ತದೆ. ವೈದ್ಯಕೀಯದಲ್ಲಿ ಇಷ್ಟು ಅಗ್ಗದ ಸಲಕರಣೆಯಿಂದ ಇಷ್ಟು ದೊಡ್ಡ ಬದಲಾವಣೆ ಬಂದದ್ದು ಅಪರೂಪ.

ದೋಷವೂ ಇತ್ತು. ಸದಾ ಬಾಗಿಯೇ ಇರುವ ಬೆರಳಿನ ನಡುಗೆಣ್ಣು ಹಾಗೆಯೇ ಸೆಟೆದುಕೊಳ್ಳುತ್ತಿತ್ತು. 1975ರಲ್ಲಿ ಡ್ಯುರಾನ್ ಮತ್ತು ಹೌಸರ್ ಎಂಬ ವೈದ್ಯರು ಬ್ಯಾಂಡಿನ ಎಳೆತವನ್ನೇ ನಂಬದೆ ಬೆರಳನ್ನು ಹೊರಗಿನಿಂದ ಮೆಲ್ಲನೆ ಆಡಿಸುವ ಕ್ರಮ ವಿವರಿಸಿದರು: ರಜ್ಜು 3ರಿಂದ 5 ಮಿಲಿಮೀಟರ್ ಜಾರಿದರೂ ಗಟ್ಟಿ ಅಂಟು ಕಟ್ಟುವುದನ್ನು ತಡೆಯಬಹುದು. ಅಂಟಿಲ್ಲದೆ ರಜ್ಜು ಮಾಯುವುದೇ ಇಲ್ಲವೆಂಬ ಹಳೆಯ ನಂಬಿಕೆಯನ್ನು ಸ್ವೀಡನ್ನಿನ ಲುಂಡ್‌ಬೊರ್ಗ್ ಅವರ ಪ್ರಯೋಗಗಳು ಅಲುಗಿಸಿದವು. ಮೊಲದ ಮೊಣಕಾಲ ಕೀಲಿನ ದ್ರವದಲ್ಲಿಟ್ಟ ರಜ್ಜು, ಸುತ್ತಲಿನ ಯಾವುದಕ್ಕೂ ಅಂಟದೆ ತಾನಾಗಿ ಮಾಯ್ದಿತ್ತು.

ದಿನಕ್ಕೆ ಹಲವು ಬಾರಿ ಬೆರಳಾಡಿಸುವ ಈ ಕ್ರಮವನ್ನು ಕಲಿಸಿ ಕಾಯುವವರು ಬೇಕಿತ್ತು. ಆ ಕೆಲಸ ಫಿಸಿಯೋಥೆರಪಿ ಮತ್ತು ಆಕ್ಯುಪೇಷನಲ್ ಥೆರಪಿಯವರ ಪಾಲಿಗೆ ಬಂದು, ಕ್ರಮೇಣ ಕೈಗೆಂದೇ ಮೀಸಲಾದ ವೃತ್ತಿಯಾಯಿತು. ಅಮೆರಿಕದಲ್ಲಿ 1977ರಲ್ಲಿ ಅವರದೇ ಸಂಘ ಹುಟ್ಟಿತು. ಚರಿತ್ರೆ ಹೆಸರಿಸುವುದು ಶಸ್ತ್ರಚಿಕಿತ್ಸಕರನ್ನು, ಆದರೆ ಬೆರಳು ಮಡಚುವಂತಾದದ್ದರಲ್ಲಿ ಈ ಥೆರಪಿಸ್ಟರ ಪಾಲು ಕಡಿಮೆಯದಲ್ಲ.

ಹೊಲಿಗೆಯ ಎಳೆಗಳು ಎರಡರಿಂದ ನಾಲ್ಕಕ್ಕೆ, ಆರಕ್ಕೆ ಏರಿ ಗಟ್ಟಿಯಾದಂತೆ, ಮೊದಲ ವಾರದಲ್ಲೇ ರೋಗಿ ತಾನಾಗಿ ಬೆರಳನ್ನು ಹಗುರವಾಗಿ ಮಡಚುವ ಕ್ರಮವೂ ರೂಢಿಗೆ ಬಂತು. ಸ್ಪ್ಲಿಂಟ್ ಸುಮಾರು 6 ವಾರ ಇರುತ್ತದೆ. ಭಾರ ಎತ್ತಲು ಸಾಮಾನ್ಯವಾಗಿ 12 ವಾರ ಕಾಯಬೇಕು. ಬೆರಳು ಸರಿಹೋಯಿತೆಂದು ನಡುವೆಯೇ ನೀರಿನ ಬಕೆಟ್ ಎತ್ತಿದರೆ ಹೊಲಿಗೆ ಕಿತ್ತುಬರಬಹುದು. ಆಗ ಮತ್ತೆ ಹೊಲಿಯಬೇಕು, ಕೆಲವೊಮ್ಮೆ ಕಸಿಯನ್ನೇ ಮಾಡಬೇಕಾಗುತ್ತದೆ.