ನರಿಮಂಗಲ: ಕೊಡವರ ಬೇಟೆಯ ಕಟ್ಟಳೆ

ಗಂಡುಮಗು ಹುಟ್ಟಿತೆಂದರೆ ಕೊಡವರ ಐನ್‌ಮನೆಯ (ಮನೆತನದ ಮೂಲಮನೆಯ) ಅಂಗಳದಲ್ಲಿ ಒಂದು ಗುಂಡು ಹಾರುತ್ತಿತ್ತು. ಹರಳುಗಿಡದ ಕಡ್ಡಿ ಬಾಗಿಸಿ ಕಟ್ಟಿದ ಪುಟ್ಟ ಬಿಲ್ಲನ್ನೂ ಅದರ ಎಲೆದಂಟಿನ ಬಾಣವನ್ನೂ ಹಸುಗೂಸಿನ ಕೈಗೆ ಮುಟ್ಟಿಸುತ್ತಿದ್ದರು. ಬಾಳು ಮುಗಿದ ದಿನ ಎರಡು ಗುಂಡುಗಳು ನಾಡಿಗೆ ಸಾವನ್ನು ಸಾರುತ್ತಿದ್ದವು. ನಡುವಿನ ಆಯುಷ್ಯವೆಲ್ಲ ಗದ್ದೆಗೂ ಕಾಡಿಗೂ ಸೇರಿದ್ದು. ಆದರೆ ಕಾಡು ಹೊಗಲು ತೋಳ್ಬಲವೊಂದೇ ಸಾಲದು. ಕಾಲ ಕೂಡಿಬರಬೇಕು, ದೈವ ಒಲಿಯಬೇಕು, ಹಿರಿಯರ ಕೈಯಿಂದ ಕೋವಿ ಬರಬೇಕು.

ಕಕ್ಕಡ ಮಾಸದ ಜಡಿಮಳೆಯಲ್ಲಿ ಇಡೀ ಒಕ್ಕ, ಅಂದರೆ ಮನೆತನ, ನಾಟಿಗೆ ಇಳಿಯುತ್ತಿತ್ತು. ಕೋವಿ, ಒಡಿಕತ್ತಿ, ಪೀಚೆಕತ್ತಿಗಳಿಗೆ ಆಗ ಬಿಡುವು. ನಾಟಿ ಮುಗಿದು, ಸೆಪ್ಟೆಂಬರ್ ಮೊದಲಲ್ಲಿ ಆಯುಧಪೂಜೆಯ ಹಬ್ಬ ಕೈಲ್ ಪೊಳ್ದ್ ಬಂದಾಗ ಆಯುಧಗಳನ್ನು ತೊಳೆದು, ಗಂಧವಿಟ್ಟು, ಬೆಂಕಿಬಣ್ಣದ ತೋಕ್ ಪೂವಿನಿಂದ ಸಿಂಗರಿಸಿ ದೀಪದ ಮುಂದಿಡುತ್ತಿದ್ದರು. ಕಡಂಬುಟ್ಟು (ಅಕ್ಕಿಯ ಕಡುಬು), ಹಂದಿಕರಿಯ ಎಡೆ ಮೊದಲು ಕುಲದ ಪೂರ್ವಜರಾದ ಗುರುಕಾರೋಣರಿಗೆ. ಬಳಿಕ ಮನೆಯ ಹಿರಿಯನು ಕಿರಿಯರ ಕೈಗೆ ಕೋವಿ ಕೊಟ್ಟು ಹರಸುತ್ತಿದ್ದ. ದೇವರನ್ನು ಮರೆಯಬಾರದು, ಗೆಳೆಯನನ್ನು ಕೈಬಿಡಬಾರದು, ಸುಮ್ಮನಿದ್ದ ವೈರಿಯನ್ನು ಕೆಣಕಬಾರದು ಎಂಬುದು ಆ ಹರಕೆಯ ಸಾರ. ಅಲ್ಲಿಂದ ಎಲ್ಲರೂ ಊರ ಬಯಲಾದ ಮಂದ್‌ಗೆ ಹೋಗಿ ತೆಂಗಿನಕಾಯಿಗೆ ಗುರಿಯಿಡುತ್ತಿದ್ದರು. ಬೇಟೆಯ ಕಾಲ ತೆರೆಯುತ್ತಿದ್ದುದು ಹೀಗೆ.

ಕಾಡಿನ ಒಡೆಯ ಬೇಟೆಯ ಅಯ್ಯಪ್ಪ. ಕೇರಳದ ಶಾಸ್ತಾವಿನ ನೆಂಟನಾದ ಈ ದೇವರಿಗೆ ಕೊಡಗಿನ ದೇವರಕಾಡುಗಳಲ್ಲಿ ಮಣ್ಣಿನ ನಾಯಿಗಳೇ ಹರಕೆ. ಪೊದೆ ಹೊಕ್ಕು ಮೃಗವನ್ನು ತಡೆದು ನಿಲ್ಲಿಸುವ ನಾಯಿಯ ಋಣವನ್ನು ಬೇಟೆಗಾರ ದೇವರ ಸಮ್ಮುಖದಲ್ಲಿ ಒಪ್ಪಿಕೊಳ್ಳುತ್ತಿದ್ದ.

ಎಲ್ಲಕ್ಕಿಂತ ದೊಡ್ಡ ವಿಧಿ ನರಿಮಂಗಲ. ಕೊಡವರ ನುಡಿಯಾದ ಕೊಡವ ತಕ್ಕಿನಲ್ಲಿ ನರಿಯೆಂದರೆ ಹುಲಿ. ಹುಲಿಯನ್ನು ಕೊಂದವನಿಗೆ ಆ ಹುಲಿಯ ಆತ್ಮದೊಡನೆಯೇ ಮದುವೆ. ಬಿದಿರಿನ ಚೌಕಟ್ಟಿಗೆ ಹುಲಿಯನ್ನು ತೂಗುಹಾಕಿ, ಚಪ್ಪರದಡಿಯ ಮುಕ್ಕಾಲಿಯಲ್ಲಿ ಬೇಟೆಗಾರನನ್ನು ಮದುಮಗನ ಉಡುಪಿನಲ್ಲಿ ಕೂರಿಸುತ್ತಿದ್ದರು. ಊರವರು ಒಬ್ಬೊಬ್ಬರಾಗಿ ಬಂದು ಅಕ್ಕಿ ಎರಚಿ, ಕಿಂಡಿಯಿಂದ ಹಾಲು ಕುಡಿಸಿ, ನಾಣ್ಯವಿತ್ತು ಹರಸುತ್ತಿದ್ದರು; ಮನೆಯ ಮದುವೆಯಲ್ಲಿ ವಧುವರರಿಗೆ ಸಲ್ಲುತ್ತಿದ್ದುದೂ ಇದೇ ಮರ್ಯಾದೆ. ದುಡಿ ಬಡಿದು ಹಾಡುವ ನಾಲ್ವರ ದನಿಯಲ್ಲಿ ವೀರನ ಹೆಸರು ನಾಡಿಗೆ ಹರಡುತ್ತಿತ್ತು. ದೂರದ ಮಣಿಪುರದ ಬೆಟ್ಟಗಳಲ್ಲಿ ಕುಕಿಗಳು ನಡೆಸುತ್ತಿದ್ದ ‘ಸಾ-ಆಯ್’ ಕೂಡ ದೊಡ್ಡ ಮೃಗ ಹೊಡೆದವನ ಉತ್ಸವವೇ. ಕೊಡವರಾದರೋ ಕೊಂದವನನ್ನು ಕೊಂಡಾಡಿ ಅಲ್ಲಿಗೇ ಬಿಡಲಿಲ್ಲ. ಸತ್ತ ಹುಲಿಗೂ ಅವನಿಗೂ ನಂಟು ಕಟ್ಟಿ, ಅದನ್ನು ಸರಿಸಮನ ಪೀಠದಲ್ಲಿಟ್ಟರು.

1834ರಲ್ಲಿ ಹಾಲೇರಿ ಅರಸರ ಆಳ್ವಿಕೆ ಮುಗಿದು ಕೊಡಗು ಇಂಗ್ಲಿಷರ ಕೈಸೇರಿತು. 1857ರ ದಂಗೆಯ ಬೆನ್ನಿಗೆ ನಿಶ್ಶಸ್ತ್ರೀಕರಣದ ಕಾನೂನು ಬಂದಾಗ, 1861ರಲ್ಲಿ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರನ್ನು ಅದರಿಂದ ಹೊರಗಿಟ್ಟ. ಪೂಜೆಯ ಕೋವಿ ಮನೆಯಲ್ಲೇ ಉಳಿಯಿತು. ನಡಿಕೇರಿಯಂಡ ಚಿಣ್ಣಪ್ಪನವರು ಕೊಡವರ ಹಾಡು, ಆಚಾರಗಳನ್ನು ಕಲೆಹಾಕಿ 1924ರಲ್ಲಿ ‘ಪಟ್ಟೋಲೆ ಪಳಮೆ’ಯನ್ನು ಹೊರತಂದರು. 1952ರಲ್ಲಿ ಎಂ. ಎನ್. ಶ್ರೀನಿವಾಸರು ಕೊಡವರ ಧರ್ಮ, ಸಮಾಜಗಳ ಕುರಿತ ತಮ್ಮ ಗ್ರಂಥದಲ್ಲಿ ಮಂಗಲವೆಂಬ ಇಂಥ ವಿಧಿಗಳ ಸಾಮಾಜಿಕ ಅರ್ಥವನ್ನು ಬಿಡಿಸಿದರು. 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಹುಲಿಗೆ ರಕ್ಷೆಯಾಯಿತು. ನರಿಮಂಗಲ ಚರಿತ್ರೆಗೆ ಸಂದಿತು.

ಹುಲಿ ಉಳಿಯಬೇಕಾದುದು ನ್ಯಾಯ. ಅದಕ್ಕಾಗಿ ಬೇಟೆ ನಿಂತದ್ದೂ ನ್ಯಾಯವೇ. ಆದರೆ ಆ ಕಟ್ಟಳೆಗಳನ್ನು ಬರಿಯ ಕೊಲ್ಲುವ ಹುರುಪೆಂದು ತಳ್ಳಿಹಾಕುವುದು ಅನ್ಯಾಯ. ಆಯುಧಕ್ಕೆ ಋತುವಿನ ಕಟ್ಟು, ಶೌರ್ಯಕ್ಕೆ ಹಿರಿಯರ ಅಂಕೆ, ಮೃಗದ ಪ್ರಾಣಕ್ಕೆ ನಂಟಿನ ಗೌರವ: ಕೋವಿ ಹಿಡಿದ ಸಮಾಜವೊಂದು ತನಗೆ ತಾನೇ ಹಾಕಿಕೊಂಡಿದ್ದ ಬೇಲಿಗಳಿವು. ದೇವರಕಾಡಿನ ಅಂಚು ಒತ್ತುವರಿಗೆ ಕರಗುತ್ತಿರುವ ಈ ಹೊತ್ತು, ಕೋವಿಯನ್ನು ಪೂಜಿಸುವ ಕೈಗಳೇ ಅಯ್ಯಪ್ಪನ ಕಾಡನ್ನೂ ಕಾಯಬೇಕು. ಹಿರಿಯರ ಕಟ್ಟಳೆಗೆ ಇಂದು ಸಲ್ಲುವ ನಿಜವಾದ ಪಾಲನೆ ಅದು.